ಭದ್ರತೆಯೂ ಬಡತನವೂ: ಮಳೆ, ಕಾಫಿ, ವಜ್ರ ಹಿಡಿದು ಬಿಡಿಸಿದ ಟಿಪ್ಪಣಿ

ಅಭಿವೃದ್ಧಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ: ಸಂಘರ್ಷಪೀಡಿತ ದೇಶಗಳಲ್ಲಿ ಬಡತನ ಇಳಿಯಬೇಕಾದರೆ ಭದ್ರತೆ ಮೊದಲೋ, ಅಭಿವೃದ್ಧಿ ಮೊದಲೋ? "ಎರಡೂ ಒಂದಕ್ಕೊಂದು ಪೂರಕ" ಎಂದು ಬರೆದರೆ ತಪ್ಪೇನಿಲ್ಲ, ಅಂಕವೂ ಬರುವುದಿಲ್ಲ. ಯಾವುದು ಯಾವುದನ್ನು ಯಾವ ದಾರಿಯಲ್ಲಿ ತಳ್ಳುತ್ತದೆ ಎಂಬುದನ್ನು ತೋರಿಸಬೇಕು.

ಸುಲಭದ ಅರ್ಧ: ಯುದ್ಧದಿಂದ ಬಡತನ

ಇದಕ್ಕೆ ವಿಶ್ವ ಬ್ಯಾಂಕಿನ 2011ರ ವಿಶ್ವ ಅಭಿವೃದ್ಧಿ ವರದಿಯ ಒಂದು ಜೋಡಿ ಸಾಕು: ಬುರುಂಡಿ ಮತ್ತು ಬುರ್ಕಿನಾ ಫಾಸೊ. ಎರಡೂ ಸಮುದ್ರ ತೀರವಿಲ್ಲದ ಆಫ್ರಿಕಾದ ಬಡ ದೇಶಗಳು, ತಲಾ ವರಮಾನವೂ ಬಹುಕಾಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. 1993ರ ಕೊನೆಯಲ್ಲಿ ಬುರುಂಡಿಯಲ್ಲಿ ಅಂತರ್ಯುದ್ಧ ಶುರುವಾಯಿತು, ವರಮಾನ 1970ರ ಮಟ್ಟಕ್ಕೆ ಜಾರಿತು. ವರದಿ ಬರೆಯುವ ಹೊತ್ತಿಗೆ ಬುರ್ಕಿನಾ ಫಾಸೊದ ವರಮಾನ ಅದರ ಎರಡೂವರೆ ಪಟ್ಟು. ಆದರೆ ಈ ಉದಾಹರಣೆಯನ್ನು ಇವತ್ತು ಹಾಗೆಯೇ ಇಳಿಸುವಂತಿಲ್ಲ. ಬುರ್ಕಿನಾ ಫಾಸೊದಲ್ಲೇ ಈಗ ಸಶಸ್ತ್ರ ದಂಗೆ ನಡೆದಿದೆ. 2022 ಒಂದೇ ವರ್ಷದಲ್ಲಿ ಎರಡು ಸಲ ಸೇನಾ ಕ್ಷಿಪ್ರಕ್ರಾಂತಿ ಆಯಿತು. ಉತ್ತರದಲ್ಲಿ ಬಳಸುವುದಾದರೆ ಇಸವಿ ಹಾಕಿಯೇ ಬಳಸಿ.

ಕಷ್ಟದ ಅರ್ಧ: ಬಡತನದಿಂದ ಯುದ್ಧವೇ?

ನನಗೆ ಅತಿ ಹೆಚ್ಚು ಹೊತ್ತು ಹಿಡಿದ ಭಾಗ ಇದು, ಹಾಗಾಗಿ ಇಲ್ಲಿ ಉದ್ದವಾಗುತ್ತದೆ.

ಬಡ ದೇಶಗಳಲ್ಲಿ ಅಂತರ್ಯುದ್ಧ ಹೆಚ್ಚು ಎಂಬುದನ್ನು ಅಂಕಿಅಂಶ ನೋಡಿದವರೆಲ್ಲ ಒಪ್ಪುತ್ತಾರೆ. ಅಷ್ಟರಿಂದ ಬಡತನವೇ ಕಾರಣ ಎನ್ನಲು ಬಾರದು. ಯುದ್ಧ ಬಡತನ ತರುತ್ತದೆ ಎಂದು ಈಗಷ್ಟೇ ನೋಡಿದೆವಲ್ಲ. ಯಾವುದು ಮೊದಲು ಬಂತು ಎಂದು ಇಸವಿ ನೋಡಿ ಹೇಳೋಣವೆಂದರೆ ಅದೂ ನಡೆಯುವುದಿಲ್ಲ. ಗಲಾಟೆಯ ಸುಳಿವು ಸಿಕ್ಕಿದ ಕೂಡಲೇ ವ್ಯಾಪಾರಿ ಹೊಸ ಸರಕು ತರಿಸುವುದನ್ನು ನಿಲ್ಲಿಸುತ್ತಾನೆ, ದುಡ್ಡಿದ್ದವನು ಊರು ಬಿಡುತ್ತಾನೆ; ಮೊದಲ ಗುಂಡು ಹಾರುವ ಮುಂಚೆಯೇ ವರಮಾನ ಇಳಿದಿರುತ್ತದೆ. ಸಾಲದ್ದಕ್ಕೆ ಕೆಟ್ಟ ಆಡಳಿತ ಎಂಬ ಮೂರನೆಯ ಕಾರಣ ಎರಡನ್ನೂ ಹುಟ್ಟಿಸಿರಬಹುದು.

ಈ ಗಂಟು ಬಿಡಿಸಲು ಎಡ್ವರ್ಡ್ ಮಿಗೆಲ್, ಶಂಕರ್ ಸತ್ಯನಾಥ್ ಮತ್ತು ಅರ್ನೆಸ್ಟ್ ಸರ್ಜೆಂಟಿ 2004ರಲ್ಲಿ ಮಳೆಯ ಮೊರೆ ಹೋದರು. ಸಹಾರಾ ಮರುಭೂಮಿಯ ದಕ್ಷಿಣದ 41 ದೇಶಗಳು, 1981ರಿಂದ 1999ರವರೆಗಿನ ಲೆಕ್ಕ. ಅಲ್ಲಿ ನೀರಾವರಿ ತೀರಾ ಕಡಿಮೆ. ಮಳೆ ಕೈಕೊಟ್ಟರೆ ಬೆಳೆ ಹೋಯಿತು, ಬೆಳೆ ಹೋದರೆ ಆ ವರ್ಷದ ವರಮಾನ ಹೋಯಿತು. ಮುಖ್ಯ ಸಂಗತಿ ಏನೆಂದರೆ, ಯಾವ ಬಂಡುಕೋರನೂ ಮಳೆಯನ್ನು ತಡೆಯಲಾರ, ಯಾವ ಭ್ರಷ್ಟ ಮಂತ್ರಿಯೂ ಮೋಡವನ್ನು ತಿರುಗಿಸಲಾರ.

ಲೆಕ್ಕ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ, ಮಳೆಯ ಏರಿಳಿತದಿಂದಲೇ ವರಮಾನ ಎಷ್ಟು ಬದಲಾಯಿತು ಎಂದು ಅಂದಾಜು ಮಾಡುತ್ತಾರೆ. ವರಮಾನ ಇಳಿಯಲು ನೂರು ಕಾರಣ ಇರಬಹುದು, ಉಳಿದವನ್ನೆಲ್ಲ ಇಲ್ಲಿ ಬಿಟ್ಟುಬಿಡುತ್ತಾರೆ. ಎರಡನೆಯ ಹಂತದಲ್ಲಿ, ಮಳೆ ತಂದ ಆ ಬದಲಾವಣೆಯನ್ನು ಮಾತ್ರ ಸಂಘರ್ಷದ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ವರಮಾನದ ಈ ತುಂಡಿಗೆ ಯುದ್ಧದ ಕೈ ಸೋಕಿಲ್ಲ, ಆದ್ದರಿಂದ ಸಂಬಂಧ ಕಂಡರೆ ಅದು ವರಮಾನದಿಂದ ಸಂಘರ್ಷದ ಕಡೆಗೇ ಹರಿದಿರಬೇಕು. ಕಂಡದ್ದು ಇದು: ಆರ್ಥಿಕ ಬೆಳವಣಿಗೆಯ ದರ 5 ಶೇಕಡಾ ಪಾಯಿಂಟ್ ಕುಸಿದರೆ ಮುಂದಿನ ವರ್ಷ ಸಂಘರ್ಷದ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತದೆ. ಅರ್ಧದಷ್ಟು ಹೆಚ್ಚುತ್ತದೆ ಎಂದರೆ ಶೇ 50ಕ್ಕೆ ಏರುತ್ತದೆ ಎಂದಲ್ಲ. ಮೊದಲು ನೂರಕ್ಕೆ 20 ಇದ್ದದ್ದು 30 ಆಗುತ್ತದೆ, ಆ ಅರ್ಥದಲ್ಲಿ.

ಎರಡು ಆಕ್ಷೇಪಗಳನ್ನು ತಪ್ಪದೆ ಬರೆಯಿರಿ. ಒಂದು, ಮಳೆ ವರಮಾನದ ಮೂಲಕ ಮಾತ್ರ ಸಂಘರ್ಷವನ್ನು ಮುಟ್ಟಬೇಕು ಎಂಬ ಷರತ್ತು. ಜೋರು ಮಳೆಗೆ ಮಣ್ಣಿನ ರಸ್ತೆ ಕೆಸರಾಗಿ ಸೈನಿಕರ ಟ್ರಕ್ಕೇ ಹೋಗದಿದ್ದರೆ ಹೊಡೆದಾಟವೂ ಕಡಿಮೆಯಾಗುತ್ತದೆ, ಅಲ್ಲಿ ವರಮಾನದ ಪಾತ್ರವೇ ಇಲ್ಲ. ಇದನ್ನು ಮೂವರೂ ತಮ್ಮ ಪ್ರಬಂಧದಲ್ಲೇ ಎತ್ತಿಕೊಂಡು ಚರ್ಚಿಸಿದ್ದಾರೆ. ಎರಡು, ಆಂಟೋನಿಯೊ ಚಿಕೋನೆ 2011ರಲ್ಲಿ ಎತ್ತಿದ ತಕರಾರು. ಮೂಲ ಲೆಕ್ಕದಲ್ಲಿ ಬಳಸಿದ್ದು ಮಳೆಯ ಪ್ರಮಾಣವಲ್ಲ, ಹಿಂದಿನ ವರ್ಷಕ್ಕಿಂತ ಎಷ್ಟು ಬದಲಾಯಿತು ಎಂಬುದು. ಒಂದು ಕಡೆ ವಾಡಿಕೆ ಮಳೆ 700 ಮಿ.ಮೀ. ಎಂದಿಟ್ಟುಕೊಳ್ಳಿ. ಹೋದ ವರ್ಷ 900 ಸುರಿದು ಈ ವರ್ಷ 700 ಬಂದರೆ, ರೈತನ ಕಣ್ಣಿಗೆ ಇದು ಒಳ್ಳೆಯ ವರ್ಷವೇ, ಲೆಕ್ಕದ ಹಾಳೆಯಲ್ಲಿ ಮಾತ್ರ ದೊಡ್ಡ ಕುಸಿತ. ಹೀಗಾಗಿ ಹಳೆಯ ಅತಿವೃಷ್ಟಿಯ ಪರಿಣಾಮವನ್ನು ಇಂದಿನ ಬರದ ಖಾತೆಗೆ ಬರೆದಂತಾಗಬಹುದು ಎನ್ನುವುದು ಅವರ ವಾದ. ವಾದ ಇನ್ನೂ ಮುಗಿದಿಲ್ಲ. ಆದರೂ ವಿಧಾನಕ್ಕಾಗಿ ಇದನ್ನು ಕಲಿಯಲೇಬೇಕು.

ನನ್ನ ಒಳದಾರಿ

ಬಡತನ ಇಳಿದರೆ ಶಾಂತಿ ಬರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಕೊಲಂಬಿಯಾದ ಬಗ್ಗೆ ಒಯಿಂದ್ರಿಲಾ ದುಬೆ ಮತ್ತು ಹುವಾನ್ ವರ್ಗಾಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. 1990ರ ದಶಕದ ಕೊನೆಯಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಅಲ್ಲಿನ ಕಾಫಿ ಬೆಳೆಯುವ ಪ್ರದೇಶಗಳಲ್ಲಿ ಹಿಂಸೆ ಏರಿತು. ತೈಲ ಪ್ರದೇಶಗಳಲ್ಲಿ ಉಲ್ಟಾ: ತೈಲದ ಬೆಲೆ ಏರಿದಾಗ ಹಿಂಸೆಯೂ ಏರಿತು. ಕಾಫಿ ಹಣ್ಣನ್ನು ಕೈಯಲ್ಲೇ ಕೊಯ್ಯಬೇಕು, ಬೆಲೆ ಇದ್ದರೆ ಕೂಲಿ ಇರುತ್ತದೆ, ಕೂಲಿ ಬಿಟ್ಟು ಬಂದೂಕು ಹಿಡಿಯುವುದು ನಷ್ಟದ ಬಾಬತ್ತು. ತೈಲಕ್ಕೆ ಕೂಲಿಯಾಳು ಕೆಲವೇ ಮಂದಿ ಸಾಕು. ದುಡ್ಡು ರಾಯಧನವಾಗಿ ಸ್ಥಳೀಯ ಆಡಳಿತದ ಖಜಾನೆಗೆ ಬೀಳುತ್ತದೆ, ಅದನ್ನು ಬೆದರಿಸಿ ಕಿತ್ತುಕೊಳ್ಳಬಹುದು.

ಆದ್ದರಿಂದ ಯಾವ ಆದಾಯದ ಮುಂದೆಯೂ ನಾನು ಕೇಳಿಕೊಳ್ಳುವುದು ಒಂದೇ: ಇದು ಕೂಲಿಯಾಗಿ ಹಂಚಿಹೋಗುತ್ತದೆಯೋ, ಬಂದೂಕು ಇರುವವನು ಬಂದು ಎತ್ತಿಕೊಂಡು ಹೋಗುವಂತೆ ಒಂದೇ ಕಡೆ ಗುಡ್ಡೆ ಬಿದ್ದಿರುತ್ತದೆಯೋ?

(ಅದೇ ಬೆಲೆ ಕುಸಿತದಲ್ಲಿ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರೂ ನಲುಗಿದರು, ಇಲ್ಲೇಕೆ ಹಾಗಾಗಲಿಲ್ಲ ಎಂದು ಕೇಳಬಹುದು. ಕೊಲಂಬಿಯಾದಲ್ಲಿ ಆಳು ಸೇರಿಸಿಕೊಳ್ಳುವ ಸಶಸ್ತ್ರ ಗುಂಪುಗಳು ದಶಕಗಳಿಂದ ಮೊದಲೇ ಇದ್ದವು. ಮಲೆನಾಡಿನ ನಕ್ಸಲ್ ಚಟುವಟಿಕೆಯ ಹಿಂದೆ ಮುಖ್ಯವಾಗಿ ಇದ್ದದ್ದು ಕುದುರೆಮುಖ ಉದ್ಯಾನದಿಂದ ಒಕ್ಕಲೆಬ್ಬಿಸುವ ಪ್ರಶ್ನೆ, ಕಾಫಿ ಬೆಲೆಯಲ್ಲ.)

ಒಳದಾರಿ ಎಡವುವ ಜಾಗವೂ ಇದೆ, ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಕೋನೋ ಜಿಲ್ಲೆ. ಅಲ್ಲಿನ ವಜ್ರ ನದಿ ತಂದು ಹಾಕಿದ ಜಲ್ಲಿಯಲ್ಲಿ, ಮೇಲುಮೇಲೆಯೇ ಸಿಗುತ್ತದೆ. ಗುದ್ದಲಿ, ಜರಡಿ, ಮೊಣಕಾಲುದ್ದ ನೀರು, ಅಷ್ಟೇ ಬಂಡವಾಳ. ದುಡಿಮೆಯೂ ಹೇರಳ, ದೋಚುವುದೂ ಸುಲಭ. ಆರ್‌ಯುಎಫ್ (ರೆವಲ್ಯೂಷನರಿ ಯುನೈಟೆಡ್ ಫ್ರಂಟ್) ಬಂಡುಕೋರರು ಅಂತರ್ಯುದ್ಧದ ಹೊತ್ತಿನಲ್ಲಿ ಹಿಡಿದು ತಂದ ಜನರಿಂದಲೇ ಜರಡಿ ಆಡಿಸಿದರು. ಬೋಟ್ಸ್ವಾನಾದ ವಜ್ರ ಆಳದ ಬಂಡೆಯಲ್ಲಿದೆ, ಅದನ್ನು ತೆಗೆಯಲು ಭಾರಿ ಯಂತ್ರಗಳ ದೊಡ್ಡ ಗಣಿಯೇ ಬೇಕು. ಅಲ್ಲಿ ವಜ್ರಕ್ಕಾಗಿ ಯುದ್ಧವಾಗಲಿಲ್ಲ. ಅಂದರೆ ಕೂಲಿ ಇದ್ದರೆ ಸಾಲದು, ಕೂಲಿಯವನು ಬೇಡ ಎಂದು ಹೊರಡುವಂತಿರಬೇಕು.

ನೆರವಿಗೂ ಇದೇ ಪ್ರಶ್ನೆ

ಫಿಲಿಪೀನ್ಸ್‌ನಲ್ಲಿ ಬೆಂಜಮಿನ್ ಕ್ರಾಸ್ಟ್, ಜೋಸೆಫ್ ಫೆಲ್ಟರ್, ಪ್ಯಾಟ್ರಿಕ್ ಜಾನ್ಸ್ಟನ್ ಎರಡು ಯೋಜನೆಗಳನ್ನು ನೋಡಿದರು. ಸಮುದಾಯದ ರಸ್ತೆ, ನೀರಿನಂಥ ಕಾಮಗಾರಿಗೆ ಹಣ ಕೊಡುವ ಯೋಜನೆ ಸಿಕ್ಕ ಪಟ್ಟಣಗಳಲ್ಲಿ ಹಿಂಸೆ ಹೆಚ್ಚಿತು, ಅದೂ ಕೆಲಸ ಶುರುವಾಗುವ ಮುಂಚಿನ ಸಭೆ-ತಯಾರಿಯ ಅವಧಿಯಲ್ಲಿ. ಯೋಜನೆ ಗೆದ್ದರೆ ಜನ ಸರ್ಕಾರದ ಕಡೆ ವಾಲುತ್ತಾರೆಂದು ಬಂಡುಕೋರರು ಮೊದಲೇ ಕೆಡಿಸಲು ನೋಡಿದರು ಎಂಬುದು ಅವರ ವಿವರಣೆ. ಮಕ್ಕಳ ಶಾಲೆ, ಆರೋಗ್ಯದ ಷರತ್ತಿನ ಮೇಲೆ ಬಡ ಕುಟುಂಬಕ್ಕೆ ನೇರವಾಗಿ ನಗದು ಕೊಟ್ಟ ಕಡೆ ಹಿಂಸೆ ಇಳಿಯಿತು. ಊರಿಗೆಲ್ಲ ಕಾಣುವ ಒಂದು ಗುಡ್ಡೆ ಒಂದು ಕಡೆ, ಮನೆಮನೆಗೆ ಚದುರಿದ ಸಣ್ಣ ಮೊತ್ತ ಇನ್ನೊಂದು ಕಡೆ.

ಭದ್ರತೆ ಎಂದರೆ ಯಾರಿಂದ?

ಇಲ್ಲಿ ಚುಟುಕು. ಸಿಯೆರಾ ಲಿಯೋನ್‌ನ ಯುದ್ಧದಲ್ಲಿ (1991–2002) ಜನ "ಸೋಬೆಲ್" ಎಂಬ ಮಾತು ಹುಟ್ಟಿಸಿಕೊಂಡಿದ್ದರು: ಹಗಲು ಸೈನಿಕ, ರಾತ್ರಿ ಬಂಡುಕೋರ. ಸಂಬಳ ಸರಿಯಾಗಿ ಸಿಗದ ಸಿಪಾಯಿ ತಾನೇ ಲೂಟಿಗೆ ಇಳಿದರೆ ಸೈನ್ಯ ದೊಡ್ಡದಾದಷ್ಟೂ ಭದ್ರತೆ ಕಡಿಮೆ. ಹಾಗಾಗಿ ರಕ್ಷಣಾ ವೆಚ್ಚದ ಅಂಕಿಯನ್ನೇ ಭದ್ರತೆ ಎಂದು ಉತ್ತರದಲ್ಲಿ ಬರೆಯಬೇಡಿ. ವಿಶ್ವಸಂಸ್ಥೆಯ ಪಡೆ ಅಲ್ಲಿ 17,500ರವರೆಗೆ ಬೆಳೆಯಿತು (ಅದರ ಮೊದಲ ದಂಡನಾಯಕ ಭಾರತದ ಮೇಜರ್ ಜನರಲ್ ವಿಜಯ್ ಜೇಟ್ಲಿ), 70,000ಕ್ಕೂ ಹೆಚ್ಚು ಮಂದಿ ಆಯುಧ ಒಪ್ಪಿಸಿದರು. ಆದರೆ ಆಮೇಲಿನ ಪುನರ್ವಸತಿ ಕಾರ್ಯಕ್ರಮಕ್ಕೆ ಸೇರಿದವರು ಸೇರದವರಿಗಿಂತ ಚೆನ್ನಾಗಿ ಊರಲ್ಲಿ ಬೆರೆತರು ಎನ್ನುವುದಕ್ಕೆ ಹಂಫ್ರೀಸ್ ಮತ್ತು ವೈನ್‌ಸ್ಟೀನ್ ಅವರ 2007ರ ಅಧ್ಯಯನದಲ್ಲಿ ಪುರಾವೆ ಅಷ್ಟಾಗಿ ಸಿಗಲಿಲ್ಲ. ಜನರ ಮೇಲೆ ಹೆಚ್ಚು ದೌರ್ಜನ್ಯ ಮಾಡಿದ ತುಕಡಿಗಳವರನ್ನು ಊರು ಒಪ್ಪುವುದೇ ಕಷ್ಟವಾಗಿತ್ತು.

ಸಿಯೆರಾ ಲಿಯೋನ್‌ನಲ್ಲಿ ಬಡತನದ ಪ್ರಮಾಣ ಆಗಿನ ಲೆಕ್ಕದಲ್ಲಿ 2003ರ ಶೇ 66ರಿಂದ 2011ಕ್ಕೆ ಶೇ 53ಕ್ಕೆ ಇಳಿಯಿತು. ಆಮೇಲೆ 2014ರಲ್ಲಿ ಎಬೋಲಾ ಬಂತು, ಕಬ್ಬಿಣದ ಅದಿರಿನ ಬೆಲೆಯೂ ಬಿತ್ತು. 2015ರಲ್ಲಿ ಒಂದು ಗುಂಡೂ ಹಾರದೆ ದೇಶದ ಆರ್ಥಿಕತೆ ಐದನೇ ಒಂದರಷ್ಟು ಕುಗ್ಗಿತು. "ಭದ್ರತೆ ಮೊದಲು" ಎಂಬ ಪಕ್ಷ ವಹಿಸಿ ಬರೆಯುವವರು ಬಡತನದ ಈ ಇಳಿಕೆಯನ್ನೂ 2015ರ ಈ ಕುಸಿತವನ್ನೂ ಒಟ್ಟಿಗೇ ಕೊಡಬೇಕು.