ಇಸ್ಪೀಟು ಗೊತ್ತಿಲ್ಲದವಳಿಗೆ ಗಣಿತವೂ ಗೊತ್ತಿಲ್ಲವೇ?

ಹತ್ತನೇ ತರಗತಿಯ ಒಂದು ಕಿರುಪರೀಕ್ಷೆ. 52 ಇಸ್ಪೀಟು ಎಲೆಗಳ ಕಟ್ಟಿನಿಂದ ನೋಡದೆ ತೆಗೆದ ಒಂದು ಎಲೆಯಲ್ಲಿ ರಾಜ, ರಾಣಿ ಅಥವಾ ಗುಲಾಮನ ಚಿತ್ರವಿರುವ ಸಂಭವನೀಯತೆ ಎಷ್ಟು ಎಂದು ಕೇಳಿದ್ದೆ. ಹುಡುಗಿಯೊಬ್ಬಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಕರೆದು ವಿಚಾರಿಸಿದಾಗ, “ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟುವಂತಿಲ್ಲ ಟೀಚರ್, ಚಿತ್ರದ ಎಲೆಗಳು ಎಷ್ಟಿರುತ್ತವೆ ಎಂದು ನೆನಪಾಗಲಿಲ್ಲ” ಎಂದಳು. ಚೀಲದಲ್ಲಿ 52 ಚೆಂಡುಗಳಿವೆ, ಅವುಗಳಲ್ಲಿ 12 ಕೆಂಪು ಎಂದು ಪ್ರಶ್ನೆ ಬದಲಿಸಿ ಕೊಟ್ಟೆ. 12/52, ಅಂದರೆ 3/13 ಎಂದು ಬರೆಯಲು ಅವಳಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಪಠ್ಯಪುಸ್ತಕದಲ್ಲಿ ಎಲೆಗಳ ವಿವರವಿದೆ, ನಿಜ. ಆಡಿ ಬೆಳೆದವರಿಗೆ ಅದು ಕೈಬೆರಳಿನ ಲೆಕ್ಕ, ಉಳಿದವರಿಗೆ ಬಾಯಿಪಾಠ. ಅವಳಿಗೆ ನಾನು ಕೊಟ್ಟಿದ್ದ ಸೊನ್ನೆ ಅಂಕ ಸಂಭವನೀಯತೆ ಗೊತ್ತಿಲ್ಲದ್ದಕ್ಕೆ ಸಂದದ್ದಲ್ಲ.

ಅಂದಿನಿಂದ ಆಸ್ಟ್ರೇಲಿಯಾದ ಶಿಕ್ಷಣತಜ್ಞೆ ಆನ್ ನ್ಯೂಮನ್ 1977ರಲ್ಲಿ ಪ್ರಕಟಿಸಿದ ಕ್ರಮವೊಂದನ್ನು ಬಿಡದೆ ಪಾಲಿಸುತ್ತಿದ್ದೇನೆ. ತಪ್ಪಾದ ಲೆಕ್ಕವನ್ನು ಮಗುವಿನ ಮುಂದಿಟ್ಟು ಐದು ಮಾತು ಕೇಳುವುದು: ಪ್ರಶ್ನೆಯನ್ನು ಓದು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತೀಯ, ಮಾಡಿ ತೋರಿಸು, ಉತ್ತರ ಬರೆ. ಮಗು ಮೊದಲ ಎರಡರಲ್ಲೇ ಎಡವಿದರೆ ಗುಣಾಕಾರ, ಭಾಗಾಕಾರದ ಸರದಿ ಇನ್ನೂ ಬಂದೇ ಇರುವುದಿಲ್ಲ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳ ಜೊತೆ ಹೀಗೆ ಕುಳಿತು ನೋಡಿ, ಅಂಕಪಟ್ಟಿ ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ.

ಜಾನ್ ಬದಲು ಬಸವ, ಪಿಜ್ಜಾ ಬದಲು ಹೋಳಿಗೆ ಎಂದು ಬರೆದ ಮಾತ್ರಕ್ಕೆ ಪ್ರಶ್ನೆ ನಮ್ಮದಾಗುವುದಿಲ್ಲ. ಜಮೀನಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಹಳ್ಳಿಯ ಮಕ್ಕಳಿಗೆ ಗುಂಟೆ ಗೊತ್ತೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹೊಲ ಇರುವ ಮನೆಯ ಮಗುವಿಗೆ ಗೊತ್ತಿರಬಹುದು, ಪಕ್ಕದಲ್ಲೇ ಕುಳಿತ ಕೂಲಿಯವರ ಮಗುವಿಗೆ ಗೊತ್ತಿರಬೇಕೆಂದೇನಿಲ್ಲ. 1 ಎಕರೆಗೆ 40 ಗುಂಟೆ ಎಂದು ಪ್ರಶ್ನೆಯಲ್ಲೇ ಬರೆದುಬಿಟ್ಟರೆ ಇಬ್ಬರೂ ಒಂದೇ ಗೆರೆಯಿಂದ ಹೊರಡುತ್ತಾರೆ.

ಹಾಗೆಂದು ಕಷ್ಟದ ಮಾತನ್ನೆಲ್ಲ ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. “ರಾಣಿಯ ಬಳಿ 12 ಗೋಲಿಗಳಿವೆ. ಅವು ಸಲೀಮನ ಗೋಲಿಗಳಿಗಿಂತ 5 ಹೆಚ್ಚು. ಸಲೀಮನ ಬಳಿ ಎಷ್ಟಿವೆ?” ‘ಹೆಚ್ಚು’ ಎಂದ ಕೂಡಲೇ ಕೂಡಿ 17 ಎನ್ನುವ ಮಕ್ಕಳು ಬಹಳ. ಆದರೆ ಇಲ್ಲಿ ಆ ಹೋಲಿಕೆಯೇ ಗಣಿತ. ಅದನ್ನು ತೆಗೆದರೆ ಪ್ರಶ್ನೆಯಲ್ಲಿ ಉಳಿಯುವುದು ಬರೀ ಕಳೆಯುವ ಲೆಕ್ಕ.

ಇನ್ನು ಜೆರಾಕ್ಸ್. ಬಣ್ಣದಲ್ಲಿ ಅಂದವಾಗಿ ಕಾಣುವ ಪೈ ನಕ್ಷೆ ಕಪ್ಪುಬಿಳುಪಿನಲ್ಲಿ ಬರೀ ಬೂದಿ ಬಣ್ಣದ ವೃತ್ತವಾಗುತ್ತದೆ. ಬಣ್ಣ ಗುರುತಿಸಲಾಗದ ಮಗುವಿಗೆ ಮೂಲ ಪ್ರತಿ ಕೊಟ್ಟರೂ ಅಷ್ಟೇ. ಪ್ರತಿ ಭಾಗದ ಮೇಲೆ ಹೆಸರು ಬರೆಯಲು ಎರಡು ನಿಮಿಷ ಸಾಕು. ದೃಷ್ಟಿದೋಷವಿರುವ ಮಗುವಿಗೆ ಆಕೃತಿಯನ್ನು ಮಾತಿನಲ್ಲಿ ವಿವರಿಸಿದ ಪ್ರಶ್ನೆ ಬೇಕು. ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವಿಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ 2018ರಲ್ಲೇ ಹೇಳಿತ್ತು. ಬೋರ್ಡ್ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಅದು ನಮಗೆ ನೆನಪಾಗುತ್ತದೆ. ಜುಲೈ ತಿಂಗಳ 20 ಅಂಕದ ಕಿರುಪರೀಕ್ಷೆಯಲ್ಲೂ ಆ ಮಗು ಅದೇ ಮಗು.