ಪ್ಯಾಕ್ ಒಡೆಯದ ಹಳೇ ಮಾಲೇ ಬೇಕಾ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಬೈಕ್ ಇದೆ. ಎಂಜಿನ್ ಬಿಚ್ಚಿಸಿದ್ದೇನೆ. ಸ್ವಲ್ಪ ಜಾಸ್ತಿ ಪವರ್ ಬರುವ ಹಾಗೆ ಪಿಸ್ಟನ್, ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಮತ್ತು ಗೇರ್‌ಗಳನ್ನು ಬದಲಿಸಬೇಕು. ಈಗ ತಯಾರಾಗುವ ಪಾರ್ಟ್ಸ್ ಬೇಡ. ಆ ಕಾಲದ ಕಂಪನಿ ಮಾಲೇ, ಪ್ಯಾಕ್ ಒಡೆಯದ್ದೇ ಬೇಕು. ಎಲ್ಲಿ ಸಿಗುತ್ತದೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಬೈಕಿನ ಹೆಸರು ಬದಲಾಗುತ್ತದೆ, ಕೊನೆಯ ಆ ಷರತ್ತು ಮಾತ್ರ ಬದಲಾಗುವುದಿಲ್ಲ.

"ಎಲ್ಲಿ" ಅನ್ನುವುದನ್ನು ಮೊದಲು ಮುಗಿಸೋಣ. ನಿಮ್ಮ ಬೈಕಿನ ಪಾರ್ಟ್ಸ್ ಬುಕ್ ಸಂಪಾದಿಸಿ, ಎಂಜಿನ್ ನಂಬರ್ ಬರೆದಿಟ್ಟುಕೊಳ್ಳಿ. ಬರೀ ಹೆಸರು ಹೇಳಿದರೆ ಸಾಲದು. ಬ್ರಿಟಿಷ್ ಬೈಕ್ ಟ್ರಯಂಫ್ 650 ಅನ್ನೇ ನೋಡಿ. 1963ರ ಮಾಡೆಲ್‌ಗೆ ಮೊದಲು ಗೇರ್‌ಬಾಕ್ಸ್ ಬೇರೆ, ಎಂಜಿನ್ ಬೇರೆ. ಆಮೇಲೆ ಎರಡೂ ಒಂದೇ ಕೇಸಿಂಗ್ ಒಳಗೆ. ಪಾರ್ಟ್ ನಂಬರ್ ಕೈಯಲ್ಲಿದ್ದರೆ ಆ ಬ್ರ್ಯಾಂಡಿನ ಪಾರ್ಟ್ಸ್ ಮಾತ್ರ ಮಾರುವವರನ್ನು ಕೇಳಿ, ಓನರ್ಸ್ ಕ್ಲಬ್ಬಿನವರನ್ನು ಕೇಳಿ. ಬೇರಿಂಗ್ ಮತ್ತು ಆಯಿಲ್ ಸೀಲ್‌ಗೆ ಮಾತ್ರ ಬೈಕ್ ಪಾರ್ಟ್ಸ್ ಅಂಗಡಿಗೇ ಹೋಗಬೇಕೆಂದಿಲ್ಲ. ಅವುಗಳಲ್ಲಿ ಹೆಚ್ಚಿನವು ಅಳತೆ ಹೇಳಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ. 6203 ನಂಬರಿನ ಬೇರಿಂಗ್ ಅಂದರೆ ಒಳಗೆ 17 ಮಿ.ಮೀ., ಹೊರಗೆ 40, ದಪ್ಪ 12. ಯಾವ ದೇಶದಲ್ಲಿ ಕೇಳಿದರೂ ಅಷ್ಟೇ.

ಈಗ ಆ ಷರತ್ತಿಗೆ ಬರೋಣ. ಪ್ಯಾಕ್ ಒಡೆದಿಲ್ಲ ಅಂದರೆ ಪಾರ್ಟ್ ಹೊಸದು, ಹೊಸದಾದರೂ ಆ ಕಾಲದ್ದು, ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯದು. ಜನ ಹೀಗೆ ನಂಬುತ್ತಾರೆ. ಇದು ತಪ್ಪು. ಪವರ್ ಜಾಸ್ತಿ ಮಾಡಲು ಹೊರಟವರಿಗಂತೂ ಅಪಾಯ ಕೂಡ.

ರಬ್ಬರ್ ಪ್ಯಾಕೆಟ್ ಒಳಗೇ ಮುದಿಯಾಗುತ್ತದೆ. ಒಮ್ಮೆ ನನಗೆ ಗೇರ್‌ಬಾಕ್ಸ್ ಸೀಲ್ ಒಂದು ಸಿಕ್ಕಿತ್ತು, ಲೇಬಲ್‌ನ ಬಣ್ಣ ಕೂಡ ಮಾಸಿರಲಿಲ್ಲ. ಖುಷಿಯಿಂದ ಹಾಕಿದೆ. ಮೂರನೇ ದಿನ ಚೈನ್ ತುಂಬ, ಹಿಂದಿನ ಟೈರ್ ತುಂಬ ಎಣ್ಣೆ. ಬಿಚ್ಚಿ ನೋಡಿದರೆ ಸೀಲ್‌ನ ತುಟಿ ಬಳೆಯಷ್ಟು ಗಟ್ಟಿ. ಅದು ಫೋರ್ ಸ್ಟ್ರೋಕ್, ಎಣ್ಣೆ ಸೋರಿದ್ದಕ್ಕೆ ಮುಗಿಯಿತು. ಟೂ ಸ್ಟ್ರೋಕ್ ಬೈಕಿನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಸೀಲ್ ಹೀಗೆ ಗಟ್ಟಿಯಾದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಪೆಟ್ರೋಲ್ ಕಡಿಮೆಯಾಗಿ, ಎಂಜಿನ್ ಕಾದು ಪಿಸ್ಟನ್ನೇ ಜಾಮ್ ಆಗಬಹುದು.

ಇನ್ನು, ಕಂಪನಿ ಮೊದಲು ಮಾಡಿದ್ದೇ ಸರಿಯಾದ್ದು ಅಂತ ಯಾರು ಹೇಳಿದರು? ನಾರ್ಟನ್ ಕಮಾಂಡೋ ಅನ್ನುವ ಬ್ರಿಟಿಷ್ ಬೈಕಿನ ಕಥೆ ಕೇಳಿ. 1972ರಲ್ಲಿ ಕಾಂಬ್ಯಾಟ್ ಅನ್ನುವ ಎಂಜಿನ್ ಬಂತು, ಕಂಪ್ರೆಶನ್ 10:1. ಜೋರಾಗಿ ಓಡಿಸಿದರೆ ಕ್ರ್ಯಾಂಕ್ ಬಾಗುತ್ತಿತ್ತು, ಕ್ರ್ಯಾಂಕ್ ಹಿಡಿದಿರುವ ಮೇನ್ ಬೇರಿಂಗ್‌ನ ರೋಲರ್ ಅಂಚು ಅದರ ದಾರಿಯನ್ನೇ ಕೊರೆಯುತ್ತಿತ್ತು, ಬೇರಿಂಗ್ ಬೇಗ ಹೋಗುತ್ತಿತ್ತು. ಕಂಪನಿಯವರೇ ಒಪ್ಪಿಕೊಂಡು, ಸ್ವಲ್ಪ ಉಬ್ಬಿದ ರೋಲರ್ ಇರುವ ಸೂಪರ್‌ಬ್ಲೆಂಡ್ ಬೇರಿಂಗ್ ಹಾಕಿದರು. ಅದೇ ಬೈಕಿನ ಗೇರ್‌ಬಾಕ್ಸ್‌ನಲ್ಲಿ ಲೇಶಾಫ್ಟ್ (ಗೇರ್‌ಗಳು ಕೂರುವ ಎರಡನೇ ಶಾಫ್ಟ್) ಬೇರಿಂಗ್ ಕೂಡ ದುರ್ಬಲ. ಅದು ಒಡೆದರೆ ಗೇರ್‌ಬಾಕ್ಸ್ ಓಡುತ್ತಿರುವಾಗಲೇ ಲಾಕ್ ಆಗಬಹುದು. ತಿಳಿದವರು ಅದೇ ಅಳತೆಯ ರೋಲರ್ ಬೇರಿಂಗ್, ಎನ್‌ಜೆ203, ಹಾಕಿಕೊಳ್ಳುತ್ತಾರೆ. ಈಗ ಯೋಚಿಸಿ: ಆ ಮೊದಲಿನ ಬಾಲ್ ಬೇರಿಂಗ್ ಯಾರದೋ ಗೋಡೌನಿನಲ್ಲಿ ಪ್ಯಾಕ್ ಒಡೆಯದೆ ಸಿಕ್ಕಿತು ಅಂತ ನೀವು ಹೆಚ್ಚು ದುಡ್ಡು ಕೊಟ್ಟು ತರುತ್ತೀರಿ. ತಂದಿದ್ದು ಏನು? ಕೆಟ್ಟುಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿರುವ ವಸ್ತು.

ಕಾರ್ಬ್ಯುರೇಟರ್ ಕೂಡ ಹಾಗೇ. ಹಳೇ ಅಮಾಲ್ ಕಾನ್‌ಸೆಂಟ್ರಿಕ್‌ನಲ್ಲಿ ಬಾಡಿಯೂ ಸತು ಬೆರೆತ ಲೋಹ, ಒಳಗಿನ ಸ್ಲೈಡೂ ಅದೇ. ಒಂದೇ ಲೋಹ ಒಂದಕ್ಕೊಂದು ಉಜ್ಜಿದರೆ ಬೇಗ ಸವೆಯುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಈಗ ಅದೇ ಹೆಸರಿನಲ್ಲಿ ಗಟ್ಟಿ ಲೇಪನ ಕೊಟ್ಟ ಅಲ್ಯೂಮಿನಿಯಂ ಸ್ಲೈಡ್ ಹಾಕಿ ಮಾಡುತ್ತಾರೆ. ಅದು ಹೊಸದು, ಒಳ್ಳೆಯದೂ ಹೌದು. ಸೀಸ ಬೆರೆಸಿದ ಪೆಟ್ರೋಲ್ ಕಾಲದ ಮೆದು ವಾಲ್ವ್ ಸೀಟ್‌ಗಳೂ ಈಗಿನ ಪೆಟ್ರೋಲ್‌ನಲ್ಲಿ ಜೋರಾಗಿ ಓಡಿಸಿದರೆ ಬೇಗ ಸವೆಯುತ್ತವೆ. ಹೆಡ್ ಹೇಗೂ ಬಿಚ್ಚಿದ್ದೀರಿ, ಗಟ್ಟಿ ಸೀಟ್ ಹಾಕಿಸಿಬಿಡಿ. ಆ ಕಾಲದ ಎಷ್ಟೋ ಕ್ಲಚ್ ಪ್ಲೇಟ್ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ದಯವಿಟ್ಟು ಅದನ್ನು ಉಜ್ಜಬೇಡಿ, ಅದರ ಧೂಳಿಗೆ ಏರ್ ಹೊಡೆಯಬೇಡಿ.

ಹಾಗಂತ ಹಳೇದೆಲ್ಲ ಕಸ ಅಲ್ಲ. ಗೇರ್ ಮತ್ತು ಶಾಫ್ಟ್‌ಗಳ ವಿಷಯದಲ್ಲಿ ನಿಮ್ಮ ಆಸೆ ಸರಿಯಾಗಿಯೇ ಇದೆ. ಒಳ್ಳೆಯ ಉಕ್ಕಿಗೆ ವಯಸ್ಸು ತಟ್ಟುವುದಿಲ್ಲ, ತುಕ್ಕು ತಟ್ಟುತ್ತದೆ. ಹಲ್ಲಿನ ಮೇಲೆ ಸಣ್ಣ ಸಣ್ಣ ಗುಂಡಿ ಇದ್ದರೆ ಬೇಡ. ಗೇರಿನ ಪಕ್ಕದಲ್ಲಿ ಚಾಚಿ ಇನ್ನೊಂದು ಗೇರನ್ನು ಹಿಡಿಯುವ ಡಾಗ್‌ಗಳ ಮೂಲೆ ಚೂಪಾಗಿರಬೇಕು, ದುಂಡಾಗಿದ್ದರೆ ಲೋಡ್ ಬಿದ್ದಾಗ ಗೇರ್ ತಾನಾಗಿ ಜಾರಿ ಬಿಡುತ್ತದೆ. ಒಟ್ಟಿಗೆ ಕೂಡುವ ಎರಡು ಗೇರ್‌ಗಳನ್ನು ಜೋಡಿಯಾಗಿಯೇ ತಗೊಳ್ಳಿ. ಹೊಸದಾಗಿ ಮಾಡಿದ ಗೇರ್‌ಗಳಲ್ಲಿ ಮೆದು ಮಾಲೂ ಇದೆ, ಅದಕ್ಕೇ ಮಾರುವವರನ್ನು ಉಕ್ಕು ಯಾವುದು, ಗಟ್ಟಿ ಮಾಡಿಸಿದ್ದು ಹೇಗೆ ಅಂತ ಕೇಳಿ. ಉತ್ತರ ಬರದಿದ್ದರೆ ಮುಂದೆ ನಡೆಯಿರಿ.

ಪಿಸ್ಟನ್ ಬಗ್ಗೆ ಒಂದೇ ಮಾತು. ಮೊದಲು ಪಿಸ್ಟನ್ ಕೈಗೆ ಬರಲಿ, ಅದನ್ನು ಅಳೆದು ಆಮೇಲೆ ಸಿಲಿಂಡರ್ ಬೋರ್ ಮಾಡಿಸಿ. ಕ್ಯಾಮ್ ಕೂಡ ಒಂಟಿಯಾಗಿ ಕೊಳ್ಳುವ ವಸ್ತು ಅಲ್ಲ. ಟ್ರಯಂಫ್‌ನವರು ಮೆಚ್ಚುವ ಇ3134 ಕ್ಯಾಮ್ ಇದೆಯಲ್ಲ, ಅದರ ಮೇಲೆ ಕೂರುವ ಟ್ಯಾಪೆಟ್‌ನ ಪಾದದ ದುಂಡು ಆಕಾರ ಬದಲಾದರೆ ವಾಲ್ವ್ ತೆರೆಯುವ ಹೊತ್ತೇ ಬದಲಾಗುತ್ತದೆ. ಕ್ಯಾಮ್, ಟ್ಯಾಪೆಟ್, ಸ್ಪ್ರಿಂಗ್ ಮೂರೂ ಒಂದೇ ಸೆಟ್ ಅಂತ ತಿಳಿಯಿರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗೇರ್ ಬದಲಿಸಬೇಕು ಅನ್ನುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಿರುವುದು ಗೇರ್ ಅಲ್ಲ, ಸ್ಪ್ರಾಕೆಟ್. ರೇಸಿನ ಕ್ಲೋಸ್ ರೇಶಿಯೋ ಗೇರ್ (ಒಂದಕ್ಕೊಂದು ಹತ್ತಿರದ ಗೇರ್‌ಗಳು) ಹಾಕಿಸಿದರೆ ಫಸ್ಟ್ ಗೇರ್ ಉದ್ದವಾಗುತ್ತದೆ, ಅಂದರೆ ಹೊರಡುವಾಗ ಎಳೆತ ಕಡಿಮೆ. ಪ್ರತಿ ಸಿಗ್ನಲ್‌ನಲ್ಲೂ ಕ್ಲಚ್ ಎಳೆದೆಳೆದು ಹೊರಡಬೇಕು, ಕ್ಲಚ್ ಸುಡುತ್ತದೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಎಂಜಿನ್ ಸ್ಪ್ರಾಕೆಟ್ 29 ಹಲ್ಲು, ಕ್ಲಚ್ 58, ಗೇರ್‌ಬಾಕ್ಸ್‌ದು 19, ಹಿಂದಿನ ಚಕ್ರದ್ದು 46 ಅಂತ ಇಟ್ಟುಕೊಳ್ಳಿ. ಟಾಪ್ ಗೇರ್‌ನಲ್ಲಿ ಒಟ್ಟು 4.84, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್‌ದು 4.84 ಸುತ್ತು. ಗೇರ್‌ಬಾಕ್ಸ್‌ದನ್ನು 20 ಮಾಡಿದರೆ 4.60. ಎಂಜಿನ್ ನಿಮಿಷಕ್ಕೆ 5000 ಸುತ್ತು ಓಡುತ್ತಿದ್ದ ಅದೇ ವೇಗಕ್ಕೆ ಈಗ ಸುಮಾರು 4750 ಸಾಕು. ಒಂದೇ ಒಂದು ಹಲ್ಲಿಗೆ ಇಷ್ಟು ವ್ಯತ್ಯಾಸ! ಚೈನ್ ಉದ್ದ ಸಾಕಾಗುತ್ತದಾ, ದೊಡ್ಡ ಸ್ಪ್ರಾಕೆಟ್ ಕೇಸಿಂಗ್‌ಗೆ ತಾಗುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಎಷ್ಟೋ ಹಳೇ ಬೈಕ್‌ಗಳಲ್ಲಿ ಗೇರ್‌ಬಾಕ್ಸ್ ಸ್ಪ್ರಾಕೆಟ್ ಇರುವುದು ಕ್ಲಚ್ ಹಿಂದೆ. ಅದನ್ನು ತಲುಪಲು ಪ್ರೈಮರಿ ಕವರ್ (ಕ್ಲಚ್ ಮುಚ್ಚುವ ಕವರ್) ಮತ್ತು ಕ್ಲಚ್ ಎರಡೂ ಬಿಚ್ಚಬೇಕು. ನಿಮ್ಮದು ಈಗ ಬಿಚ್ಚಿಯೇ ಇದೆ ಅಲ್ವಾ, ಈ ಕೆಲಸವನ್ನೂ ಮುಗಿಸಿಕೊಳ್ಳಿ. ಸ್ಪ್ರಾಕೆಟ್ ಹಿಂದೆ ಒಂದು ಸೀಲ್ ಕಾಣುತ್ತದೆ. ಅದನ್ನು ಮಾತ್ರ ಇತ್ತೀಚೆಗೆ ತಯಾರಾದದ್ದೇ ಹಾಕಿಸಿ.