ಪದ ಪರಿಚಯ: ಪ್ರಾಥಮಿಕ ಆಕರ

‘ಪ್ರಾಥಮಿಕ’ ಅಂದ ಕೂಡಲೇ ನೆನಪಾಗುವುದು ಪ್ರಾಥಮಿಕ ಶಾಲೆ. ಹಾಗಾಗಿ ‘ಪ್ರಾಥಮಿಕ ಆಕರ’ ಅಂದರೆ ಯಾವುದೋ ಸುಲಭದ, ಶುರುವಿನ ಹಂತದ ಓದು ಅಂದುಕೊಳ್ಳುವವರಿದ್ದಾರೆ. ಆದರೆ ಪದವಿಯ ಕೊನೆಯಲ್ಲಿ ಇತಿಹಾಸದ ಕಿರುಪ್ರಬಂಧ ಬರೆಯಲು ಕೂತವರಿಗೆ ಬೆವರಿಳಿಸುವುದೇ ಇದು.

ಇನ್ನು ‘ಆಕರ’. ಹಾಗಂದರೆ ಗಣಿ. ರತ್ನಗಳ ಆಕರ ರತ್ನಾಕರ, ಅಂದರೆ ಸಮುದ್ರ. ಇಂಗ್ಲಿಷಿನ ‘ಸೋರ್ಸ್’ ಪದದ ಬೇರಿನಲ್ಲಿರುವುದು ಚಿಲುಮೆ. ಚಿಲುಮೆಯಾದರೆ ಬೊಗಸೆ ಒಡ್ಡಿ ಕುಡಿದರಾಯಿತು. ಗಣಿಯಲ್ಲಿ ಅಗೆಯಬೇಕು, ಅದಿರು ಎತ್ತಬೇಕು, ಕರಗಿಸಬೇಕು. ಈ ಕೆಲಸಕ್ಕೆ ನಮ್ಮ ಪದವೇ ಜಾಸ್ತಿ ಒಪ್ಪುತ್ತದೆ ಅಂತ ನನ್ನ ಅನಿಸಿಕೆ.

ಪಠ್ಯಪುಸ್ತಕ ಕೊಡುವ ಅರ್ಥ ಚಿಕ್ಕದು. ನೀವು ಓದುತ್ತಿರುವ ಕಾಲದಲ್ಲೇ ಹುಟ್ಟಿದ, ಅಥವಾ ಆಗ ಬದುಕಿದ್ದವರಿಂದ ಬಂದ ಸಾಮಗ್ರಿ ಪ್ರಾಥಮಿಕ ಆಕರ. ಪತ್ರ, ದಿನಚರಿ, ಕೋರ್ಟಿನ ಹೇಳಿಕೆ, ತೆರಿಗೆ ಲೆಕ್ಕ, ಶಾಸನ, ನಾಣ್ಯ, ಹಳೇ ಪತ್ರಿಕೆ, ಫೋಟೋ ಎಲ್ಲ ಇದರಲ್ಲಿ ಬರುತ್ತವೆ. ಘಟನೆ ಕಂಡವರು ಎಷ್ಟೋ ವರ್ಷದ ಮೇಲೆ ಹೇಳಿದ ನೆನಪೂ ಬರುತ್ತದೆ. ಇವನ್ನೆಲ್ಲ ಓದಿ ಆಮೇಲಿನವರು ಬರೆದ ಪುಸ್ತಕ, ಲೇಖನ ದ್ವಿತೀಯಕ ಆಕರ.

ಇಷ್ಟಕ್ಕೇ ನಿಂತರೆ ತಪ್ಪು ತಿಳಿವಳಿಕೆ ಆಗುತ್ತದೆ. ಪ್ರಾಥಮಿಕ ಅನ್ನುವುದು ಕಾಗದಕ್ಕೆ ಅಂಟಿಕೊಂಡ ಗುಣ ಅಲ್ಲ. ನಿಮ್ಮ ಪ್ರಶ್ನೆಗೂ ಆ ಕಾಗದಕ್ಕೂ ಇರುವ ಸಂಬಂಧ ಅದು. ಇಂಗ್ಲೆಂಡಿನ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಅವನತಿಯ ಬಗ್ಗೆ 1776ರಿಂದ 1788ರ ನಡುವೆ ಆರು ಸಂಪುಟ ಹೊರತಂದರು. ರೋಮ್ ಬಗ್ಗೆ ಬರೆಯುವವರಿಗೆ ಅದು ದ್ವಿತೀಯಕ. 18ನೇ ಶತಮಾನದ ಇಂಗ್ಲೆಂಡಿನ ಓದುಬಲ್ಲವರು ಧರ್ಮದ ಬಗ್ಗೆ ಏನು ಯೋಚಿಸುತ್ತಿದ್ದರು ಅಂತ ಕೇಳುವವರಿಗೆ ಅದೇ ಸಂಪುಟಗಳು ಪ್ರಾಥಮಿಕ.

ಖೋಟಾ ದಾಖಲೆಯ ವಿಷಯದಲ್ಲಿ ಇದು ಇನ್ನೂ ಸೊಗಸಾಗಿ ಕಾಣುತ್ತದೆ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಪೋಪರಿಗೆ ಪಶ್ಚಿಮದ ಅಧಿಕಾರವನ್ನೇ ಬರೆದುಕೊಟ್ಟ ಅಂತ ಹೇಳುವ ಒಂದು ದಾನಪತ್ರವಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನು ಎಳೆ ಎಳೆಯಾಗಿ ಬಿಡಿಸಿ, ಇದು ಕಾನ್‌ಸ್ಟಂಟೈನ್ ಕಾಲದ ಭಾಷೆಯೇ ಅಲ್ಲ ಎಂದು ತೋರಿಸಿದರು. ಅದು 8ನೇ ಶತಮಾನದ ಸುಮಾರಿಗೆ ಹುಟ್ಟಿದ ಪತ್ರ ಅಂತ ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಗಂತ ಬಿಸಾಕಬೇಕಾ? ಬೇಡ. ಕಾನ್‌ಸ್ಟಂಟೈನ್ ಬಗ್ಗೆ ಅದು ಸುಳ್ಳು ಸಾಕ್ಷಿ. ಇಂಥ ಸುಳ್ಳು ಯಾರಿಗೆ, ಯಾಕೆ ಬೇಕಾಗಿತ್ತು ಅನ್ನುವ ಪ್ರಶ್ನೆಗೆ ಅದರಷ್ಟು ಒಳ್ಳೆಯ ಆಕರ ಮತ್ತೊಂದಿಲ್ಲ.

ಸ್ಯಾಮ್ಯುಯೆಲ್ ಪೀಪ್ಸ್ ಅವರ ದಿನಚರಿಯೂ ಹೀಗೇ. ಲಂಡನ್ನಿನಲ್ಲಿ ನೌಕಾಪಡೆಯ ಆಡಳಿತ ನೋಡಿಕೊಳ್ಳುತ್ತಿದ್ದ ಈ ಅಧಿಕಾರಿ 1660ರಿಂದ 1669ರವರೆಗೆ ಶೀಘ್ರಲಿಪಿಯಲ್ಲಿ ದಿನಚರಿ ಬರೆದರು. 1666ರ ದೊಡ್ಡ ಬೆಂಕಿ ಮನೆ ಹತ್ತಿರ ಬಂದಾಗ ಅವರು ಗುಂಡಿ ತೋಡಿ ವೈನ್ ಹೂತಿಟ್ಟರು. ಜೊತೆಗೆ ಪಾರ್ಮೆಸಾನ್ ಚೀಸ್ ಕೂಡ! ಬೆಂಕಿ ಹೇಗೆ ಹರಡಿತು ಅಂತ ಹುಡುಕುವವರು ಈ ಸಾಲನ್ನು ನಕ್ಕು ದಾಟಿಬಿಡಬಹುದು. ಆ ಕಾಲದ ಅನುಕೂಲಸ್ಥರಿಗೆ ಯಾವುದು ಬೆಲೆಬಾಳುವ ವಸ್ತು ಅಂತ ಹುಡುಕುವವರಿಗೆ ಅದೇ ಸಾಲು ಸಿಕ್ಕಿದ ಅದಿರು.

ಬರೆದವರು ಹೇಳಲು ಹೊರಟದ್ದಕ್ಕಿಂತ ಸುಮ್ನೆ ಬಾಯಿತಪ್ಪಿ ಹೇಳಿದ್ದೇ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ನಡೆದ ವಿಚಾರಣೆಗಳ ಅಚ್ಚಾದ ವರದಿಗಳು 1674ರಿಂದ 1913ರವರೆಗಿನವು ಈಗ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಕಳ್ಳ ಓಡಿದಾಗ ನಾನು ಇಂಥ ಹೊತ್ತಿನಲ್ಲಿ ಇಂಥ ಕೆಲಸದಲ್ಲಿದ್ದೆ ಅಂತ ಸಾಕ್ಷಿ ಹೇಳುತ್ತಾನೆ. ಅವನ ಗಮನವೆಲ್ಲ ಕಳ್ಳನ ಮೇಲೆ. ಅಂಥ ಸಾವಿರಾರು ಮಾತು ಸೇರಿಸಿ, ಆಗಿನ ಜನ ಎಷ್ಟು ಗಂಟೆ ದುಡಿಯುತ್ತಿದ್ದರು ಅಂತ ಲೆಕ್ಕ ಹಾಕಿದ ಇತಿಹಾಸಕಾರರಿದ್ದಾರೆ. ಕೆಲಸದ ಹೊತ್ತಿನ ಬಗ್ಗೆ ಆ ಸಾಕ್ಷಿಗೆ ಸುಳ್ಳು ಹೇಳುವ ಗರಜು ಸಾಮಾನ್ಯವಾಗಿ ಇರುವುದಿಲ್ಲ, ಅಲ್ವಾ?

ಆದರೆ ಆ ವರದಿಗಳು ಮಾರಾಟಕ್ಕೆಂದು ಅಚ್ಚಾದವು. ಆರೋಪಿಯ ವಾದವನ್ನು ಎಷ್ಟೋ ಕಡೆ ಮೊಟಕು ಮಾಡಿದ್ದಾರೆ. ಯಾರು, ಯಾರಿಗಾಗಿ, ಏನನ್ನು ಬಿಟ್ಟು ಬರೆದರು ಅಂತ ಕೇಳದೆ ಉದ್ಧರಣೆ ತುಂಬಿದರೆ ಅದು ಪ್ರಬಂಧ ಆಗುವುದಿಲ್ಲ, ನಕಲು ಆಗುತ್ತದೆ. ‘ಆಕರವೇ ಮಾತಾಡಲಿ’ ಅನ್ನುವುದು ನನ್ನ ಪ್ರಕಾರ ಸೋಮಾರಿಗಳ ಮಾತು. ಅದಿರು ತಾನಾಗಿ ಕರಗುವುದಿಲ್ಲ.

ಪದವಿ ಮಟ್ಟದ ಪ್ರಬಂಧ ಸಾಮಾನ್ಯವಾಗಿ ಸುಮಾರು ಹತ್ತು ಸಾವಿರ ಪದದ್ದು. ಒಂದು ಯುದ್ಧದ ಪೂರ್ತಿ ಕಥೆ ಇದರಲ್ಲಿ ಹಿಡಿಸದು. ಒಬ್ಬ ಸೈನಿಕ ಮನೆಗೆ ಬರೆದ ಪತ್ರಗಳ ಒಂದು ಕಟ್ಟು ಧಾರಾಳವಾಗಿ ಹಿಡಿಸುತ್ತದೆ. ಹಾಗಾಗಿ ವಿಷಯ ಗಟ್ಟಿ ಮಾಡಿಕೊಂಡು ಆಕರ ಹುಡುಕುವುದಕ್ಕಿಂತ, ಓದಲು ಬರುವ ಭಾಷೆಯಲ್ಲಿ, ಕೈಗೆ ಸಿಗುವ ಒಂದು ಕಟ್ಟನ್ನು ಮೊದಲು ಹಿಡಿಯುವುದು ಜಾಣತನ. ಅಚ್ಚಾದ ಸಂಗ್ರಹವಾದರೂ ಸರಿ, ಅನುವಾದವಾದರೂ ಸರಿ. ಅನುವಾದ ಅಂತ ಹೇಳಿಬಿಡಬೇಕು ಅಷ್ಟೆ. ಸ್ವಲ್ಪ ಓದಿದ ಮೇಲೆ ಪ್ರಶ್ನೆ ತಾನೇ ಬದಲಾಗುತ್ತದೆ. ಗಾಬರಿ ಬೇಡ, ಎಲ್ಲರಿಗೂ ಹಾಗೇ.

ಕಂಪ್ಯೂಟರಿನಲ್ಲಿ ಪದ ಹಾಕಿ ಹುಡುಕುವಾಗ ಒಂದು ಎಚ್ಚರ. ‘ನಿರುದ್ಯೋಗ’ ಅಂತ ಇವತ್ತು ನಾವು ಕರೆಯುವುದನ್ನು ಹಳಬರು ಬೇರೆ ಏನೋ ಅಂದಿರುತ್ತಾರೆ. ಹಳೇ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುವುದೂ ಉಂಟು. ಏನೂ ಸಿಗಲಿಲ್ಲ ಅಂದರೆ ಏನೂ ಇರಲಿಲ್ಲ ಅಂತ ಅಲ್ಲ. ಮತ್ತೆ, ಪತ್ರಾಗಾರದಲ್ಲಿ ಫೋಟೋ ತೆಗೆದ ದಿನವೇ ಕಡತದ ಸಂಖ್ಯೆ, ಹಾಳೆಯ ಸಂಖ್ಯೆ ಬರೆದಿಡಿ. ತಿಂಗಳ ನಂತರ ಫೋನಿನಲ್ಲಿ ಉಳಿಯುವುದು ಒಂದೇ ತರಹ ಕಾಣುವ ನಾನೂರು ಹಳದಿ ಹಾಳೆ.

ಕೊನೆಗೆ ಗ್ರಂಥಸೂಚಿ. ಇತಿಹಾಸದಲ್ಲಿ ಇದನ್ನು ಸಾಮಾನ್ಯವಾಗಿ ಎರಡು ಭಾಗ ಮಾಡುತ್ತಾರೆ, ಮೊದಲು ಪ್ರಾಥಮಿಕ, ಆಮೇಲೆ ದ್ವಿತೀಯಕ. ಗಿಬ್ಬನ್ ಎಲ್ಲಿ ಹೋಗುತ್ತಾರೆ? ಗೆಳತಿಯ ಪ್ರಬಂಧದಲ್ಲಿ ಎರಡನೇ ಪಟ್ಟಿಯಲ್ಲಿದ್ದು, ನಿಮ್ಮದರಲ್ಲಿ ಮೊದಲನೆಯದರಲ್ಲಿ ಇರಬಹುದು. ಯಾಕೆ ಹೀಗೆ ಅಂತ ಗೈಡ್ ಕೇಳಿದಾಗ ನಿಮ್ಮ ಪ್ರಶ್ನೆಯನ್ನು ತೋರಿಸಿ.